ಜಪಾನಿ ಕುಣಿತದವರಿಂದ ನಾನು ಹನ್ನೊಂದು ವರ್ಷ ನೊಣ ಹೊಡೆಸಿದ್ದು

ಮೂವತ್ತೆರಡನೇ ವಯಸ್ಸಿಗೆ ನಿವೃತ್ತನಾದವನು ಬಾಗಲಕೋಟೆ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಪಿಂಚಣಿ ಇಲ್ಲ, ಶಾಲು ಹೊದಿಸಲಿಲ್ಲ. ಹಾರ ಹಾಕುವ ಬದಲು ಮಾಸ್ತರರು ನನ್ನ ಕೊರಳಿಗೆ ಸುತ್ತಿಕೊಂಡಿದ್ದ ಮೈಕಿನ ವೈರು ಬಿಡಿಸಿಕೊಂಡರು, ಅಷ್ಟೇ. ಈಗ ನನ್ನ ಜಾಗಕ್ಕೆ ಇಬ್ಬರು ಹೊಸಬರು ಬಂದಿದ್ದಾರೆ. ನಾನೊಬ್ಬ ಮಾಡುತ್ತಿದ್ದ ಕೆಲಸಕ್ಕೆ ಇಬ್ಬರು ಬೇಕಾದರು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಮಾಸ್ತರರ ಲೆಕ್ಕ ಬೇರೆ. ಒಬ್ಬರು ಮಾತಾಡಲಿಕ್ಕೆ, ಇನ್ನೊಬ್ಬರು ಅವರನ್ನು ಸುಮ್ಮನಿರಿಸಲಿಕ್ಕೆ ಅಂತೆ.

ಈ ಬರಹ ಆ ಇಬ್ಬರಿಗಾಗಿ. ಬರೆಯಲು ಹೇಳಿದವರೂ ಮಾಸ್ತರರೇ.

"ನೀ ಏನೇನ ಮಾಡಿದಿ ಎಲ್ಲಾ ಬರದ ಕೊಡಪಾ ಬಸವರಾಜ. ಏನ ಮಾಡಬಾರದು ಅನ್ನೂದು ಅವರಿಗೆ ಒಂದs ಕಡೆ ಸಿಕ್ಕಂಗಾಗ್ತದ."

ಮಾಸ್ತರರು ಬಾಗಲಕೋಟೆಯ ಒಂದು ಸಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಅವರ ನಿವೃತ್ತಿ ಖರೇ ನಿವೃತ್ತಿ, ಶಾಲು ಇತ್ತು. ಮನೆಯಲ್ಲಿ ಕೂತರೆ ಹೆಂಡತಿಯ ಅಡುಗೆಗೆ ಬಣ್ಣದ ಬಗ್ಗೆ ಸಲಹೆ ಕೊಡುತ್ತಾರೆಂದು ಮನೆಯವರೇ ಹೊರಗೆ ಕಳಿಸಿದರಂತೆ. ಅವರು ಒಂದು ಪ್ರೊಜೆಕ್ಟರು, ಒಂದು ಬಿಳಿ ಪರದೆ, ಒಂದು ಲ್ಯಾಪ್‌ಟಾಪು ಕಟ್ಟಿಕೊಂಡು, ಸಿನಿಮಾ ಹುಟ್ಟಿದ ಹೊಸದರಲ್ಲಿ ತೆಗೆದ ಪುಟ್ಟ ಪುಟ್ಟ ಮೂಕಿ ಚಿತ್ರಗಳನ್ನು ಊರೂರಿನ ಸಾಲೆಗಳಲ್ಲಿ, ಸಮುದಾಯ ಭವನಗಳಲ್ಲಿ ತೋರಿಸತೊಡಗಿದರು. ಒಂದರಲ್ಲಿ ರೈಲು ಬಂದು ನಿಲ್ಲುತ್ತದೆ. ಒಂದರಲ್ಲಿ ಕೂಸಿಗೆ ಊಟ ಮಾಡಿಸುತ್ತಾರೆ. ಒಂದರಲ್ಲಿ ಮೂವರು ಜಪಾನಿ ಹೆಣ್ಣುಮಕ್ಕಳು ಬೀಸಣಿಕೆ ಹಿಡಿದು ಕುಣಿಯುತ್ತಾರೆ. ಮಾತಿಲ್ಲದ ಸಿನಿಮಾ ನೋಡಿ ಜನ ಆಕಳಿಸಬಾರದಲ್ಲ, ಅದಕ್ಕೆ ಪರದೆಯ ಪಕ್ಕ ಒಬ್ಬ ನಿಂತು ಹೇಳುತ್ತ ಹೋಗಬೇಕು. ಆ ಒಬ್ಬ ನಾನು.

ಕೆಲಸಕ್ಕೆ ಸೇರಿದ ದಿನ ಮಾಸ್ತರರು ನನಗೆ ಧೈರ್ಯ ತುಂಬಿದರು.

"ಜಪಾನಿನ್ಯಾಗ ಈ ಕೆಲಸಾ ಮಾಡವರಿಗೆ ಭಾಳ ಮರ್ಯಾದಿ ಇತ್ತೋ. ಸಿನಿಮಾ ಯಾವುದು ಅಂತ ಕೇಳತಿರಲಿಲ್ಲ ಮಂದಿ, ಹೇಳಾಂವ ಯಾರು ಅಂತ ಕೇಳತಿದ್ರು."

ನಮ್ಮಲ್ಲೂ ಕೇಳಿದರು. "ಹೇಳಾಂವ ಯಾರಲೇ ಅಂವಾ" ಎಂದು ಎದ್ದು ನಿಂತು ಕೇಳಿದವರು ಪ್ರತಿ ಊರಲ್ಲೂ ಇದ್ದರು. ಆದರೆ ಅವರ ದನಿ ಬೇರೆ ಇತ್ತು.

ಅದೇ ದಿನ ಮಾಸ್ತರರು ಗಾಳಿಯಲ್ಲಿ ಕೈ ತಿರುಗಿಸಿ ತೋರಿಸಿದರು. ಆಗಿನ ಕ್ಯಾಮೆರಾಕ್ಕೆ ಕರೆಂಟು ಇರಲಿಲ್ಲ, ಒಬ್ಬ ಮನುಷ್ಯ ಹಿಡಿಕೆ ಹಿಡಿದು ಹೀಗೆ ತಿರುಗಿಸುತ್ತಿದ್ದ, ಅವನ ಕೈ ಹೋದಂತೆ ಸಿನಿಮಾ. ನಾನು ಗೋಣು ಹಾಕಿದೆ. ಈ ಮಾತು ನೆನಪಿಡಿ. ನಾನೂ ಇಡಲಿಲ್ಲ, ಅವರೂ ಇಡಲಿಲ್ಲ.

ಆಮೇಲೆ ಆ ಕುಣಿತದ ಚಿತ್ರ ಹಾಕಿದರು. ಒಂದೇ ನಿಮಿಷದ್ದು. ಮಾಸ್ತರರು ಕುರ್ಚಿಯ ತುದಿಗೆ ಬಂದು ಕೂತರು.

"ನಾ ಇಷ್ಟೆಲ್ಲಾ ಹೊತಗೊಂಡ ತಿರುಗೂದು ಈ ಒಂದ ನಿಮಿಷದ ಸಲುವಾಗಿ ನೋಡು. ಎಲ್ಲೆ ತೋರಿಸಿದ್ರೂ ಮಂದಿ ನಗತಾರ. ಒಮ್ಮೆರೆ, ಒಂದ ಊರಾಗರೆ, ನಗಲಾರದ ನೋಡಬೇಕು. ಅಷ್ಟs ಆಸೆ."

ನಗಲಾರದೆ ನೋಡಬೇಕಂತೆ. ಅದಕ್ಕೆ ಅವರು ಆರಿಸಿದ್ದು ನನ್ನನ್ನು. ಸಾಲೆಯಲ್ಲಿ ಶೋಕಾಚರಣೆಯ ಎರಡು ನಿಮಿಷ ಮೌನದಲ್ಲೂ ನಗಿಸಿ ಬೆಂಚಿನ ಮೇಲೆ ನಿಂತವನನ್ನು.

ನನ್ನ ಮೊದಲ ದೊಡ್ಡ ತಪ್ಪು ಕಲಾದಗಿಯಲ್ಲಿ. ಮಧ್ಯಾಹ್ನದ ಹೊತ್ತು, ಸಾಲೆಯ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದ್ದೆವು. ನನಗೊಂದು ಚಟ. ಮೈಕು ಕೈಗೆ ಬಂದರೆ ನಾನು ಪರದೆಗೆ ಬೆನ್ನು ಹಾಕಿ ಜನರ ಮುಖ ನೋಡುತ್ತ ನಿಲ್ಲುತ್ತೇನೆ. ಸಿನಿಮಾ ಯಾವಾಗಲೂ ಅದೇ, ಜನ ಮಾತ್ರ ಹೊಸಬರು, ನೋಡುವುದಾದರೆ ಅವರನ್ನು ನೋಡಬೇಕು ಎಂಬುದು ನನ್ನ ಸಿದ್ಧಾಂತ. ಮೊದಲು ರೈಲು, ಆಮೇಲೆ ಕುಣಿತ ಎಂದು ಬಾಯಿಪಾಠ ಮಾಡಿದ್ದೆ. ಮಾಸ್ತರರು ಅವತ್ತು ಅನುಕ್ರಮ ಬದಲಿಸಿದ್ದರು. ನನಗೆ ಹೇಳಿಯೂ ಇದ್ದರು. ನಾನು ಆಗ ಚುರುಮುರಿ ತಿನ್ನುತ್ತಿದ್ದೆ.

"ಬಂತ ನೋಡ್ರಿ! ದೂರಿಂದ ಬಂತು! ಕರ್ರಗ, ಉದ್ದಕ, ಹೊಗಿ ಬಿಟಗೊಂತ! ಹಿಂದ ಸರೀರಿ, ಮೈಮ್ಯಾಲೆ ಬರ್ತೈತಿ! ಎಷ್ಟ ಡಬ್ಬಿ ಅದಾವ ಎಣಸ್ರಿ!"

ಮುಂದಿನ ಸಾಲಿನಲ್ಲಿದ್ದ ಒಬ್ಬ ಅಜ್ಜ ನಿಧಾನವಾಗಿ ಎಣಿಸಿದ.

"ಮೂರ ಡಬ್ಬಿ ಅದಾವಲೇ ತಮ್ಮಾ. ಮೂರೂ ಬೀಸಣಿಕಿ ಹಿಡದಾವು."

ಕಿಟಕಿಯ ಜಮಖಾನ ಕಳಚಿ ಬೀಳುವಷ್ಟು ನಕ್ಕರು. ತಿರುಗಿ ನೋಡಿದರೆ ಜಪಾನಿ ಹೆಣ್ಣುಮಕ್ಕಳು ನನ್ನ ಹಿಂದೆ ಸರಸರ ಕುಣಿಯುತ್ತಿದ್ದಾರೆ. ಹೊಸಬರೇ, ಇಲ್ಲಿ ನೀವು ಕಲಿಯಬೇಕಾದ ಪಾಠ ಒಂದೇ: ಪರದೆಯ ಕಡೆ ತಿರುಗಿ ನೋಡಿರಿ. ನಾನು ಕಲಿತ ಪಾಠ ಬೇರೆ. ಅಷ್ಟು ನಗೆ ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಇದನ್ನು ಮತ್ತೆ ಹೇಗೆ ಗಿಟ್ಟಿಸುವುದು ಎಂದು ಬಸ್ಸಿನಲ್ಲಿ ಲೆಕ್ಕ ಹಾಕುತ್ತ ಬಂದೆ. ಮಾಸ್ತರರು ಪರದೆಯ ಸುರುಳಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದರು.

ಬಾದಾಮಿಯದು ಇನ್ನೊಂದು ಬಗೆ. ಅಲ್ಲಿನ ಒಂದು ಸಾಲೆಯ ಅಕ್ಕೋರು ಭಾಳ ಶಿಸ್ತಿನವರು, ಮಕ್ಕಳ ಕೈಗೆ ನೋಟುಪುಸ್ತಕ ಕೊಟ್ಟು ನನ್ನ ಮಾತನ್ನು ಬರೆಸುತ್ತಿದ್ದರು. ನಾನು ಹೇಳಿದ್ದನ್ನು ಒಬ್ಬರು ಬರೆದುಕೊಳ್ಳುತ್ತಿದ್ದಾರೆ ಎಂದಾಗ ಮನುಷ್ಯನಿಗೆ ಏನಾಗುತ್ತದೆ ಗೊತ್ತೇನು? ಜ್ಞಾನ ಉಕ್ಕುತ್ತದೆ. ಜಪಾನಿನವರ ಅಂಗಿಯ ತೋಳು ಅಷ್ಟು ಅಗಲ ಯಾಕೆ ಎಂದು ಒಬ್ಬ ಹುಡುಗಿ ಕೇಳಿದಳು. ಗೊತ್ತಿಲ್ಲ ಅನ್ನುವ ಶಬ್ದ ನನ್ನ ಬಾಯಲ್ಲಿ ಅವತ್ತಿನವರೆಗೆ ಬಂದಿರಲಿಲ್ಲ. ಪ್ರವಾಸಕ್ಕೆ ಹೋಗುವಾಗ ಅದರೊಳಗೆ ರೊಟ್ಟಿ, ಶೇಂಗಾ ಚಟ್ನಿ ಇಟ್ಟುಕೊಳ್ಳುತ್ತಾರೆ ಅಂದೆ.

ಮುಂದಿನ ತಿಂಗಳು ಆ ಸಾಲೆಯ ಗೋಡೆ ಪತ್ರಿಕೆಯಲ್ಲಿ ಚಿತ್ರ ಸಮೇತ ಬಂತು. ಬೀಸಣಿಕೆ ಹಿಡಿದ ಹೆಣ್ಣುಮಗಳು, ತೋಳಿನಿಂದ ಅರ್ಧ ಹೊರಗೆ ಇಣುಕಿದ ಎರಡು ರೊಟ್ಟಿ. ರೊಟ್ಟಿಯ ಮೇಲೆ ಎಳ್ಳು ಕೂಡ ಹಚ್ಚಿದ್ದರು. ಮಾಸ್ತರರು ಅದರ ಮುಂದೆ ಬಹಳ ಹೊತ್ತು ನಿಂತರು.

"ಡ್ರಾಯಿಂಗ್ ಚಲೋ ಅದ," ಅಂದರು.

ಅವಮಾನ ಅದಲ್ಲ. ಮುಂದೆ ಮಾಸ್ತರರು ಎಲ್ಲೋ ಓದಿ ಬಂದು, ಖರೆ ಅವರು ಆ ಅಗಲ ತೋಳಿನಲ್ಲಿ ಸಣ್ಣಪುಟ್ಟ ಸಾಮಾನು ಇಟ್ಟುಕೊಳ್ಳುತ್ತಿದ್ದರಂತೆ ಎಂದರು. ನಾನು ಕಷ್ಟಪಟ್ಟು ಕಟ್ಟಿದ ಸುಳ್ಳು ಅರ್ಧ ಖರೆ ಆಗಿ ನನ್ನ ಸ್ವಂತ ಕೆಲಸವೇ ಅಲ್ಲ ಎಂಬಂತಾಯಿತು.

ಇನ್ನು ನನಗೆ ಹೆಸರು ಗಳಿಸಿಕೊಟ್ಟ ಪ್ರಸಂಗ. ಹುನಗುಂದ, ಮೊದಲ ವರ್ಷದ ಬ್ಯಾಸಗಿ, ಭವನದ ತುಂಬ ನೊಣ. ಹೊರಗೆ ಯಾರೋ ಮಾವಿನ ಹಣ್ಣು ಮಾರುತ್ತಿದ್ದರು, ಅವರ ಗಿರಾಕಿಗಳು ಒಳಗೆ ಬಂದಿದ್ದವು. ಜನ ಟೋಪಿ, ಟವೆಲು, ಸೆರಗು ಬೀಸುತ್ತ ಕೂತಿದ್ದರು. ನನಗೆ ಬಾಯಿಪಾಠವಾಗಿದ್ದ ಹೊತ್ತಿಗೆ ಸರಿಯಾಗಿ ನನ್ನ ಬೆನ್ನ ಹಿಂದೆ ಆ ಮೂವರು ಬೀಸಣಿಕೆಯನ್ನು ಪಟಪಟ ಅಲ್ಲಾಡಿಸಿ, ಕತ್ತು ಝಟ್ಟನೆ ಕೆಳಗೆ ಮಾಡಿ ನೆಲ ನೋಡುತ್ತಾರೆ. ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

"ನೋಡ್ರಿ, ಜಪಾನಿನ್ಯಾಗೂ ನೊಣ! ಹೊಡದ್ಳು! ಸತ್ತತೇನ್ ನೋಡಾಕತ್ತಾಳ! ಇಲ್ಲ, ಹಾರಿ ಹೋತು! ಇನ್ನೊಬ್ಬಾಕಿ ಕಡೆ ಹೋತು, ಹೊಡಿಯವಾ!"

ಭವನವೇ ಎದ್ದು ಕುಣಿಯಿತು. ಅವತ್ತಿನಿಂದ ಅದು ನೊಣದ ಡ್ಯಾನ್ಸು. ಊರೂರಿಗೆ ಅದನ್ನು ಬೆಳೆಸಿದೆ. ಗುಳೇದಗುಡ್ಡಕ್ಕೆ ಬರುವಾಗ ನೊಣಕ್ಕೆ ಒಂದು ಹೆಸರು ಇಟ್ಟೆ. ಮತ್ತೊಂದು ಊರಲ್ಲಿ ಅದಕ್ಕೆ ಮದುವೆ ಮಾಡಿದೆ. ಯಾರೋ ಫೋನಿನಲ್ಲಿ ರೆಕಾರ್ಡು ಮಾಡಿ ಹಂಚಿದ ಮೇಲಂತೂ ಬಸ್ಸಿನ ಕಂಡಕ್ಟರು ಕೂಡ "ಏನ್ರಿ ನೊಣಾ, ಎಲ್ಲಿಗಿ?" ಎಂದು ಟಿಕೀಟು ಕೊಡುವಂತಾಯಿತು. ನಮ್ಮನ್ನು ಕರೆಯುವವರು ಸಿನಿಮಾ ತೋರಿಸಿರಿ ಅನ್ನುವುದನ್ನು ಬಿಟ್ಟು ನೊಣ ತರ್ರಿ ಅನ್ನತೊಡಗಿದರು.

ಕೆಲಸದ ರೀತಿಯೂ ಈ ವರ್ಷಗಳಲ್ಲಿ ಬದಲಾಯಿತು. ಮೊದಲು ನಾವು ಪರದೆ ಕಟ್ಟುವಷ್ಟರಲ್ಲಿ ಜನ ಸುತ್ತ ನಿಂತು ಇದೇನು, ಅದೇನು ಎಂದು ಕೇಳುತ್ತಿದ್ದರು. ಈಗ ಅವರ ಕಿಸೆಯಲ್ಲೇ ಪರದೆ. ಅವರ ಕಣ್ಣು ಹಿಡಿದಿಡಬೇಕಾದರೆ ಇನ್ನೂ ಜೋರಾಗಿ, ಇನ್ನೂ ಬೇಗ ಮಾತಾಡಬೇಕು ಎಂದು ನಾನು ತಿಳಿದೆ. ಆರು ನಗೆ ಇದ್ದ ನಿಮಿಷದಲ್ಲಿ ಹತ್ತು ತುರುಕಿದೆ. ಉಸಿರಾಡುವುದಕ್ಕೆ ಮಾತ್ರ ಜಾಗ ಉಳಿದಿತ್ತು.

ಮಾಸ್ತರರು ಒಂದು ದಿನ, ಸಾಮಾನು ಕಟ್ಟುವಾಗ, ವೈರು ಸುತ್ತುತ್ತಲೇ ಹೇಳಿದರು.

"ಬಸವರಾಜ, ಇಳಕಲ್ಲಂದು, ಗುಡೂರಂದು, ಎರಡು ಶೋ ಅವ. ಅವು ಮುಗದ ಮ್ಯಾಲೆ ಆ ಕುಣಿತಾ ತಗದ ಬಿಡೋಣು."

"ಯಾಕ್ರೀ ಸರ? ಮಂದಿ ಬರೂದs ಅದಕ್ಕರೀ!"

"ಅದಕ್ಕs."

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಅವರು ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ರಬ್ಬರು ಹಾಕಿ, ಚೀಲದಲ್ಲಿಟ್ಟರು. "ಆ ಹೆಣ್ಮಕ್ಕಳು ಏನ ಪಾಪಾ ಮಾಡ್ಯಾರೋ," ಅಂದರು. "ನಗಲಾರದ ನೋಡವರು ಸಿಗೂದಿಲ್ಲಾ ಅಂದ್ರ ತೋರಸೂದs ಬ್ಯಾಡ. ಡಬ್ಬ್ಯಾಗ ಮರ್ಯಾದಿಲೆ ಇರಲಿ."

ನನಗೆ ಎರಡು ದಿನ ನಗು ಬರಲಿಲ್ಲ. ಮೂರನೇ ದಿನ ಬಂತು. ನನ್ನದು ಅಷ್ಟೇ ತ್ರಾಣ.

ಇಳಕಲ್ಲು ನನ್ನ ಊರು. ನೇಕಾರರ ಮನೆ ನಮ್ಮದು, ನಾನು ಹುಟ್ಟಿದ್ದೇ ಮಗ್ಗದ ಸಪ್ಪಳದಲ್ಲಿ. ಅವ್ವ ಸೀರೆಯ ಒಡಲಿನ ನೂಲಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕೊಂಡಿ ಹಾಕುತ್ತಾಳೆ, ಒಂದೊಂದೇ ಎಳೆ, ಬೆರಳಿನಲ್ಲಿ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನನ್ನ ಶೋಗೆ ಬಂದಿರಲಿಲ್ಲ. ಕರೆದರೆ, "ಮನ್ಯಾಗ ಮಾತಾಡೂದು ಸಾಲದಂತ ಅಲ್ಲಿ ಬ್ಯಾರೆ ಬಂದ ಕೇಳ್ಲೇನ?" ಅನ್ನುತ್ತಿದ್ದಳು. ಅವತ್ತು ಶೋ ನಮ್ಮ ಓಣಿಯ ಭವನದಲ್ಲೇ ಇತ್ತು, ತಪ್ಪಿಸಿಕೊಳ್ಳಲಾಗಲಿಲ್ಲ.

ಎಲ್ಲರೂ ನಕ್ಕರು. ಜನರ ಮುಖ ನೋಡುವುದು ನನ್ನ ಚಟ ಎಂದೆನಲ್ಲ, ನಗದ ಒಂದೇ ಮುಖ ಕಂಡಿತು. ಅವ್ವಂದು. ಹುಬ್ಬು ಗಂಟಿಕ್ಕಿ, ಅಂಗಡಿಯವನು ಕೊಟ್ಟ ನೂಲಿನಲ್ಲಿ ಮೋಸ ಹುಡುಕುವಾಗ ಮಾಡುವ ಮುಖ.

ಮನೆಗೆ ಬಂದು ರೊಟ್ಟಿ ಬಡಿಯುತ್ತ ತೀರ್ಪು ಕೊಟ್ಟಳು.

"ಆ ಹೆಣ್ಮಕ್ಕಳ ಸಿನಿಮಾ ಸುಳ್ಳೈತಿ."

"ಸಿನಿಮಾ ಸುಳ್ಳಲ್ಲ ಬೇ, ನೊಣಾ ಸುಳ್ಳು. ಅದು ನಾ ಕಟ್ಟಿದ್ದು."

"ನಿನ್ನ ನೊಣದ ಮಾರಿಗಿ ಬೆಂಕಿ ಹಚ್ಚಲಿ. ಅಕಿ ತೋಳ ಎತ್ತಿ ಬಿಡ್ತಾಳಲ್ಲ, ಆ ಅರಿವಿ ನೋಡಿದಿಯೇನ? ಹಂಗ ಬೀಳಂಗಿಲ್ಲ ರೇಷ್ಮಿ."

"ಜಪಾನ್ ರೇಷ್ಮಿ ಬ್ಯಾರೆ ಇರಬೇಕು."

"ರೇಷ್ಮಿ ಬ್ಯಾರೆ ಇರವಲ್ದ್ಯಾಕ, ಭೂಮಿ ಒಂದs ಅಲ್ಲೇನ?"

ಹಿಟ್ಟಿನ ಕೈ ತೊಳೆದು ಒಳಗೆ ಹೋಗಿ ಒಂದು ಸೆರಗಿನ ತುಂಡು ತಂದಳು. ಎರಡು ಪದರ ಮಾಡಿ ಮೇಲಕ್ಕೆತ್ತಿ ಬಿಟ್ಟಳು. ಅದು ಒಂದು ಗಳಿಗೆ ಗಾಳಿಯಲ್ಲಿ ಯೋಚನೆ ಮಾಡಿ, ಆಮೇಲೆ ಇಳಿಯಿತು. "ನೋಡು. ರೇಷ್ಮಿಗಿ ಅವಸರ ಇರಂಗಿಲ್ಲ. ಆ ಸಿನಿಮಾದಾಗ ಯಾರೋ ಕೆಳಗ ಜಗ್ಗಿದಂಗ ಬೀಳ್ತೈತಿ. ಹನ್ನೊಂದ ವರ್ಷ ತೋರಿಸಿದಿ, ನೇಕಾರರ ಮಗಾ ಆಗಿ ಇಷ್ಟೂ ಕಾಣ್ಲಿಲ್ಲೇನ?"

ಕಾಣುವುದಾದರೂ ಹೇಗೆ? ಹನ್ನೊಂದು ವರ್ಷ ನಾನು ಅದಕ್ಕೆ ಬೆನ್ನು ಹಾಕಿ ನಿಂತಿದ್ದೆ.

ಮಾಸ್ತರರಿಗೆ ಫೋನು ಮಾಡಿದೆ. ಅವ್ವ ಅಂದದ್ದನ್ನೆಲ್ಲ ಹೇಳಿ ಮುಗಿಸಿದೆ. ಆ ಕಡೆ ಅವರು ಹಣೆ ಬಡಿದುಕೊಂಡ ಸಪ್ಪಳ, ಫೋನಿನಲ್ಲೂ ಸ್ಪಷ್ಟವಾಗಿ ಕೇಳಿಸಿತು.

"ಕೈಲೆ ತಿರುವಿದ್ದೋ ಅದು! ಅಂವಾ ನಿಧಾನ ತಿರುವ್ಯಾನ, ನಮ್ಮ ಮಷಿನ್ನು ತನ್ನ ಓಟದಾಗ ಓಡಸಲಿಕ್ಕತ್ತದ! ನಾನs ನಿನಗ ಹೇಳಿದ್ದು, ನಾನs ಮರತೆ. ಪರದೇಶದ ಕುಣಿತಾ, ಹಿಂಗs ಇರಬಹುದು ಅಂತ ತಿಳದೆ!"

ನನ್ನ ತಪ್ಪುಗಳ ಪಟ್ಟಿಯಲ್ಲಿ ಮಾಸ್ತರರದೂ ಒಂದು ಸೇರಿದ್ದಕ್ಕೆ ನನಗಾದ ಸಂತೋಷ ಹೇಳಬಾರದು. ಆ ಕಾಲದ ಜನ ಭಾಳ ಚುರುಕು, ಓಡೋಡಿ ನಡೆಯುತ್ತಿದ್ದರು ಎಂದು ನಾನು ಮಕ್ಕಳಿಗೆ ಬರೆಸಿದ್ದು ಆಮೇಲೆ ನೆನಪಾಯಿತು, ಸಂತೋಷ ಇಳಿಯಿತು.

ಮರುದಿನ ಮುಂಜಾನೆಯ ಬಸ್ಸಿಗೇ ಮಾಸ್ತರರು ಲ್ಯಾಪ್‌ಟಾಪು ಎದೆಗವಚಿಕೊಂಡು ಬಂದರು. ನಮ್ಮ ಪಡಸಾಲೆಯಲ್ಲಿ ನ್ಯಾಯ ಕೂತಿತು. ನಾನು ಗುಂಡಿ ಒತ್ತಿ ಓಟ ಕಡಿಮೆ ಮಾಡುವುದು, ಅವ್ವ ಸೆರಗಿನ ತುಂಡು ಎತ್ತಿ ಬಿಡುವುದು, ಮಾಸ್ತರರು ಒಮ್ಮೆ ಇತ್ತ ಒಮ್ಮೆ ಅತ್ತ ಕತ್ತು ತಿರುಗಿಸುವುದು.

"ಇನ್ನs ಅವಸರ ಐತಿ," ಅಂದಳು ಅವ್ವ.

ಇಳಿಸಿದೆ.

"ಈಗ ಜಡ್ಡ ಬಿದ್ದಂಗಾತು. ಚೂರ ಏರಸು."

ಏರಿಸಿದೆ.

"ನೀಲವ್ವಾರ, ಇದು ಅಡ್ಡಿಯಿಲ್ಲೇನು?" ಮಾಸ್ತರರು ಪರೀಕ್ಷೆಯ ಹುಡುಗನ ಹಾಗೆ ಕೇಳಿದರು.

"ತಡೀರಿ ಮಾಸ್ತರ, ನಿಮ್ಮದೂ ಅವಸರ."

ಪರದೆಯ ತೋಳೂ ಅವ್ವನ ಕೈಯ ರೇಷ್ಮೆಯೂ ಕೂಡಿಯೇ ಇಳಿದದ್ದು ಎಷ್ಟನೆಯ ಸಲಕ್ಕೋ. ಒಂದು ನಿಮಿಷದ ಕುಣಿತ ಒಂದೂವರೆ ನಿಮಿಷವಾಗಿತ್ತು. "ಹಾಂ. ಇರ್ಲಿ ಅದು. ಇನ್ನ ಮುಟ್ಟಬ್ಯಾಡ," ಎಂದು ಅವ್ವ ರೊಟ್ಟಿಗೆ ಹೋದಳು. ನಾವು ಮೂವರೂ ನೋಡಿದ್ದು ಬರೀ ತೋಳು. ಕುಣಿತ ನೋಡಲು ಯಾರಿಗೂ ಪುರಸೊತ್ತು ಇರಲಿಲ್ಲ.

ಉಳಿದದ್ದು ಗುಡೂರು. ಮಾಸ್ತರರ ಮಾತಿನ ಪ್ರಕಾರ ಕೊನೆಯ ಶೋ. ಸಂಜೆ ಭವನ ತುಂಬಿತ್ತು. ರೈಲು ಬಂತು, ಕೂಸು ಊಟ ಮಾಡಿತು, ನಾನು ಎಂದಿನಂತೆ ಬೆನ್ನು ಹಾಕಿ ನಿಂತು ಬಡಬಡಿಸಿದೆ. ಆಮೇಲೆ ಹಿಂದಿನಿಂದ ಕೂಗು ಎದ್ದಿತು.

"ನೊಣಾ! ನೊಣಾ ಬಿಡ್ರಿ!"

ಮಾಸ್ತರರು ಲ್ಯಾಪ್‌ಟಾಪಿನ ಹಿಂದೆ ಎದ್ದು ನಿಂತಿದ್ದರು, ನನ್ನ ಕಡೆ ನೋಡಲಿಲ್ಲ. ಹೇಳಬೇಡ ಎಂದೂ ಹೇಳಿರಲಿಲ್ಲ. ನಿಜ ಹೇಳುತ್ತೇನೆ, ನೊಣ ನನ್ನ ನಾಲಿಗೆಯ ತುದಿಯಲ್ಲೇ ಕೂತಿತ್ತು. ಓಟ ಕಡಿಮೆಯಾಗಿದ್ದಕ್ಕೆ ಇನ್ನೂ ಎರಡು ನಗೆ ಹೆಚ್ಚು ಹಿಡಿಸಬಹುದು ಎಂದು ಬಸ್ಸಿನಲ್ಲೇ ಹೊಂದಿಸಿಕೊಂಡೂ ಇದ್ದೆ. ಹಾಗಿದ್ದರೂ ಅವ್ವ ಹೊಂದಿಸಿಕೊಟ್ಟ ತೋಳು ಸರಿಯಾಗಿ ಬೀಳುತ್ತದೋ ಇಲ್ಲವೋ ಎಂಬ ಒಂದು ಸಂಶಯ. ಅದೊಂದನ್ನು ನೋಡಿ ತಿರುಗಿಬಿಡೋಣ ಎಂದು ಪರದೆಗೆ ಮುಖ ಮಾಡಿದೆ.

ತಿರುಗಲಿಲ್ಲ.

ಮೂವರು ಬಂದರು. ಓಡುತ್ತ ಅಲ್ಲ, ನೆಲದ ಮೇಲೆ ನೀರು ಹರಿದ ಹಾಗೆ. ನಡುವಿನವಳು ಬೀಸಣಿಕೆಯನ್ನು ತಲೆಯ ಮೇಲೆ ಎತ್ತಿ, ಬೆರಳಿನಲ್ಲಿ ಸಣ್ಣಗೆ ನಡುಗಿಸುತ್ತ, ನಡುಗಿಸುತ್ತ ಕೆಳಗೆ ತಂದಳು. ಅದರ ಹಿಂದೆಯೇ ಅವಳ ಕಣ್ಣು ಇಳಿಯಿತು, ಕತ್ತು ಇಳಿಯಿತು, ಕೊನೆಗೆ ತೋಳು, ತನ್ನ ಹೊತ್ತಿಗೆ ತಾನು. ನಾನು ಹನ್ನೊಂದು ವರ್ಷ ಸತ್ತ ನೊಣವನ್ನು ಹುಡುಕಿಸಿದ ಆ ನೋಟ, ನೆಲ ಮುಟ್ಟುವವರೆಗೂ ಯಾವುದನ್ನೋ ಕಳಿಸಿಕೊಡುತ್ತಿತ್ತು. ಏನನ್ನು ಎಂದು ನನಗೆ ಹೊಳೆಯಲಿಲ್ಲ. ಹಿಂದೆ ಎಲ್ಲೋ ಒಬ್ಬ ಗಂಡಸು, ತನ್ನಷ್ಟಕ್ಕೆ ತಾನು ಎಂಬಂತೆ, ಅಂದ:

"ಹೂ ಉದರಾಕತ್ತಾವು."

"ಹೌದಲೇ," ಅಂದ ಪಕ್ಕದವನು, "ಬೇವಿನ ಹೂ ಉದರಿದಂಗ."

ಮೈಕು ನನ್ನ ಕೈಯಲ್ಲಿತ್ತು, ಅದರಲ್ಲಿ ನನ್ನ ಉಸಿರು ಮಾತ್ರ ಭವನದ ತುಂಬ ಕೇಳುತ್ತಿತ್ತು. ಕಡೆಗೆ ಬೀಸಣಿಕೆ ಮಡಚಿಕೊಂಡಿತು, ಪರದೆ ಬೆಳ್ಳಗಾಯಿತು. ಯಾರೂ ನಗಲಿಲ್ಲ.

ಮಾಸ್ತರರು ಮುಂದೆ ಬರಲಿಲ್ಲ, ಹೊಗಳಲಿಲ್ಲ. ಕತ್ತಲಲ್ಲಿ ಅವರ ದನಿ ಮಾತ್ರ ಬಂತು, ಸ್ವಲ್ಪ ಒದ್ದೆಯಾಗಿತ್ತು.

"ಮೈಕ್ ಬಂದ್ ಮಾಡೋ, ಎಮ್ಮಿ ಉಸರಾಡಿದಂಗ ಕೇಳ್ತದ. ಇನ್ನೊಮ್ಮೆ ಹಾಕ್ತೇನಿ."

ಇನ್ನೊಮ್ಮೆ ಹಾಕಿದರು. ಡಬ್ಬಿಗೆ ಹೋಗಬೇಕಾಗಿದ್ದ ಕುಣಿತ ಇವತ್ತಿಗೂ ಊರೂರು ತಿರುಗುತ್ತಿದೆ. ಹೊಸಬರೇ, ಉಳಿದ ಚಿತ್ರಗಳಿಗೆ ನೀವು ಬೇಕಾದಷ್ಟು ಸುಳ್ಳು ಹೇಳಿಕೊಳ್ಳಿರಿ, ಅದು ಬಂದಾಗ ಮಾತ್ರ ತಿರುಗಿ ನಿಲ್ಲಿರಿ.

ಎಲ್ಲ ಮುಗಿದು ಪರದೆ ಸುತ್ತುವಾಗ ಒಬ್ಬ ಯುವಕ ಬಂದು ಜಗಳ ತೆಗೆದ. "ಏನ್ರೀ, ನೊಣಾ ತೋರಸ್ತೇವಂತ ಹೇಳಿ ಕರದ್ರಿ, ಬಾಯೇ ಬಿಡಲಿಲ್ಲಲ್ಲ!" ಅಷ್ಟರಲ್ಲಿ ಒಬ್ಬ ಮುದುಕಿ ಅವನನ್ನು ಮೊಣಕೈಯಿಂದ ಸರಿಸಿ ಮುಂದೆ ಬಂದಳು. ನನ್ನ ಗದ್ದ ಮುಟ್ಟಿ ಹೇಳಿದಳು:

"ಇವತ್ತ ಭಾಳ ಚಂದ ಹೇಳಿದಿ ನೋಡು, ತಮ್ಮಾ."

ಹನ್ನೊಂದು ವರ್ಷ ಬಿಡುವಿಲ್ಲದೆ ಮಾತಾಡಿದವನಿಗೆ ಈ ಮಾತನ್ನು ಯಾರೂ ಅಂದಿರಲಿಲ್ಲ. ಇಂಥ ಹೆಸರು ಬಂದ ಮೇಲೆ ಮತ್ತೆ ಬಾಯಿ ತೆರೆದು ಕೆಡಿಸಿಕೊಳ್ಳಬಾರದೆಂದು ಮರುದಿನವೇ ಮಾಸ್ತರರಿಗೆ ಮೈಕು ಒಪ್ಪಿಸಿದೆ. ಈಗ ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಕೂತಿದ್ದೇನೆ. ಗಿರಾಕಿ ಬಂದರೆ ಸೆರಗು ಎತ್ತಿ ಬಿಡುತ್ತೇನೆ. ಅದು ನೆಲ ಮುಟ್ಟುವವರೆಗೆ ಸುಮ್ಮನಿರುತ್ತೇನೆ.